ಫ್ರಿಜ್‌ನಲ್ಲಿ ನಾಲ್ಕು, ಪರದೆಯ ಮೇಲೆ ಸೊನ್ನೆ

೧೯೯೯ರಲ್ಲಿ ನಾನು ಹಲಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ಪೇಂಟ್ ಅಂಗಡಿಯ ಮೇಲಿನ ಎರಡು ಕೋಣೆ, ಆರು ಜನ. ನನಗೆ ಮೂವತ್ತನಾಲ್ಕು ವರ್ಷ, ತಲೆ ಚೆನ್ನಾಗಿಯೇ ತಿರುಗಿತ್ತು. ಆ ವರ್ಷ ಸಿಕ್ಕ ಕೆಲಸ, ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ಸಾಫ್ಟ್‌ವೇರನ್ನು ಹಳೆಯ ಯೂನಿಕ್ಸ್ ಯಂತ್ರದಿಂದ ಹೊಸ ಲಿನಕ್ಸ್ ಯಂತ್ರಕ್ಕೆ ಸಾಗಿಸುವುದು. ನಮ್ಮ ಭಾಷೆಯಲ್ಲಿ ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ.

ಅಲ್ಲಿ ಎರಡು ಪ್ರೋಗ್ರಾಮ್‌ಗಳಿದ್ದವು. ಒಂದು, ರಕ್ತದ ದಾಸ್ತಾನು ನೋಡಿಕೊಳ್ಳುವ ಹಳೆಯದು. ಟರ್ಮಿನಲ್ಲಿನ ಮುಂದೆ, ಅಂದರೆ ಪರದೆ ಮತ್ತು ಕೀಬೋರ್ಡಿನ ಮುಂದೆ, ಮನುಷ್ಯ ಕುಳಿತಿದ್ದಾನೆ ಎಂದು ನಂಬಿಕೆಯಾದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಇನ್ನೊಂದು ನಾನು ಬರೆದ ಮಧ್ಯವರ್ತಿ. ಅದು ಸಿಬ್ಬಂದಿಯಿಂದ ವಿವರ ಪಡೆದು, ತಾನೇ ಮನುಷ್ಯನ ಹಾಗೆ ಹಳೆಯದಕ್ಕೆ ಟೈಪ್ ಮಾಡಿ, ಉತ್ತರ ತಂದು ತೋರಿಸುತ್ತಿತ್ತು. ಈ ವೇಷಕ್ಕೆ ಬೇಕಾದ ಸೌಕರ್ಯದ ಹೆಸರು ಸ್ಯೂಡೊ ಟರ್ಮಿನಲ್. ಅದಕ್ಕೆ ಎರಡು ತುದಿ. ಒಂದು ಹಳೆಯ ಪ್ರೋಗ್ರಾಮಿನ ಕಡೆ, ಇನ್ನೊಂದು ನನ್ನ ಪ್ರೋಗ್ರಾಮಿನ ಕಡೆ.

ಯೂನಿಕ್ಸ್ ಬಳಗದ ಯಂತ್ರಗಳಲ್ಲಿ ಈ ತುದಿಗಳನ್ನು ತೆರೆಯುವ ಕ್ರಮ ಒಂದೇ ಅಲ್ಲ. ಹಳೆಯ ಯಂತ್ರದಲ್ಲಿ ಖಾಲಿ ಇರುವ ತುದಿ ಸಿಗುವ ತನಕ ಒಂದೊಂದೇ ಹೆಸರನ್ನು ಪ್ರಯತ್ನಿಸಬೇಕಿತ್ತು. ಲಿನಕ್ಸ್‌ನಲ್ಲಿ ಒಂದೇ ಕಡೆ ಕೇಳಿದರೆ ಅದೇ ಆರಿಸಿಕೊಡುತ್ತಿತ್ತು. ಇಷ್ಟನ್ನು ಸರಿಪಡಿಸಲು ಮೂರು ವಾರ ಹಿಡಿಯಿತು. ಗೆದ್ದೆವೆಂದು ಬೀಗಿದೆವು. ಮುಚ್ಚುವಾಗ ಏನಾಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹೊಸ ಯಂತ್ರ ಶುರುವಾದ ಮೂರನೆಯ ದಿನ ನಾನು ಬ್ಲಡ್ ಬ್ಯಾಂಕಿನಲ್ಲೇ ಕುಳಿತಿದ್ದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಲಗೇಜ್ ಆಟೋ ಓಡಿಸುವ ರಾಮಮೂರ್ತಿ ನಗರದ ಮುನಿರಾಜು ಎಂಬವರು ಚೀಟಿ, ರಕ್ತದ ಸ್ಯಾಂಪಲ್ ಹಿಡಿದು ಕೌಂಟರಿನ ಟೆಕ್ನಿಷಿಯನ್ ಬಳಿ ಓಡಿಬಂದರು. ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಂತಿರಲಿಲ್ಲ.

"ಎರಡು ಬಾಟ್ಲು ಬೇಕಂತೆ ಮೇಡಂ. ಬೇಗ ಕೊಡ್ಬೇಕಂತೆ."

ಚೀಟಿಯಲ್ಲಿ ಓ ನೆಗೆಟಿವ್ ಎಂದಿತ್ತು. ಸಿಗುವುದೇ ಅಪರೂಪವಾದ ಗುಂಪು. ಸೀನಿಯರ್ ಟೆಕ್ನಿಷಿಯನ್ ಶಾಹಿದಾ, ಎಲ್ಲರ ಬಾಯಲ್ಲಿ ಶಾಹಿದಾ ಆಪಾ, ಅಂದರೆ ಅಕ್ಕ, ವಿವರ ಟೈಪ್ ಮಾಡಿದರು. ಪರದೆಯಲ್ಲಿ ಉತ್ತರ ಬಂತು: ಲಭ್ಯ ಸೊನ್ನೆ.

"ಬೆಳಿಗ್ಗೆ ನಾನೇ ಎಣಿಸಿದ್ದು. ನಾಲ್ಕು ಇದೆ" ಎಂದು ಅವರು ಫ್ರಿಜ್ ತೆಗೆದರು. ನಾಲ್ಕು ಬ್ಯಾಗ್‌ಗಳೂ ಇದ್ದವು. ಪರದೆ ಮಾತ್ರ, ನಾಲ್ಕೂ ಬೇರೆಯವರ ಹೆಸರಿಗೆ ಕಾದಿರಿಸಿದ್ದು ಎನ್ನುತ್ತಿತ್ತು. ರೋಗಿಯ ರಕ್ತದೊಂದಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಕ್ರಾಸ್ ಮ್ಯಾಚ್ ಮುಗಿದ ಮೇಲೆ ಬ್ಯಾಗಿಗೆ ಕೈಯಾರೆ ಟ್ಯಾಗ್ ಕಟ್ಟುವುದು ಆಪಾರ ರೂಢಿ. ಎರಡಕ್ಕೆ ಟ್ಯಾಗ್ ಇತ್ತು, ಎರಡಕ್ಕೆ ಇರಲಿಲ್ಲ.

"ಟ್ಯಾಗ್ ಇಲ್ಲ ಅಂದ್ರೆ ನಾನು ಯಾರಿಗೂ ಮ್ಯಾಚ್ ಮಾಡಿಲ್ಲ."

ನಾನು ಕುರ್ಚಿಯಿಂದ ಏಳದೆಯೇ ಹೇಳಿದೆ: "ಕಂಪ್ಯೂಟರ್ ಸುಮ್ನೆ ಹೇಳಲ್ಲ ಮೇಡಂ. ನೀವೇ ಟ್ಯಾಗ್ ಕಟ್ಟೋದು ಮರ್ತಿರ್ತೀರ."

ಅವರು ಯಾವುದೋ ಚೀಟಿ ಎಳೆದುಕೊಂಡು ಬರೆಯತೊಡಗಿದರು. ಆಪರೇಷನ್ ಥಿಯೇಟರಿನಿಂದ ಫೋನ್ ಬಂತು, ಇದೆಯೋ ಇಲ್ಲವೋ ಹೇಳಿ ಎಂದು. ಇಲ್ಲ ಎಂದರೆ ಮುನಿರಾಜು ಊರಿನ ಇನ್ನೊಂದು ತುದಿಯ ಬ್ಲಡ್ ಬ್ಯಾಂಕಿಗೆ ಹೋಗಿ ಬರಬೇಕು, ಆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಇದೆ ಎಂದು ಕೊಟ್ಟುಬಿಟ್ಟರೆ, ಆ ಬ್ಯಾಗನ್ನೇ ನಂಬಿ ಇನ್ನೊಬ್ಬ ರೋಗಿ ಆಪರೇಷನ್ ಟೇಬಲ್ ಮೇಲೆ ಮಲಗಿರಬಹುದು.

ಆಪಾ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಪ್ರಭಾಕರ್, ಈ ಎರಡಕ್ಕೂ ನಾನು ಕ್ರಾಸ್ ಮ್ಯಾಚ್ ಇಡ್ತೀನಿ. ಇಪ್ಪತ್ತು ನಿಮಿಷ. ಅಷ್ಟರಲ್ಲಿ ಇವು ಯಾರದ್ದು ಅಂತ ನೀವು ಹೇಳ್ಬೇಕು."

ಪ್ರೋಗ್ರಾಮ್ ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ನಾಲ್ಕು ಬ್ಯಾಗ್‌ಗಳೂ ಇಬ್ಬರೇ ರೋಗಿಗಳ ಹೆಸರಿಗೆ ಹೋಗಿದ್ದವು, ತಲಾ ಎರಡು. ವೈದ್ಯರೇ ಎರಡೆರಡು ಕೇಳಿದ್ದರೆ? ಚೀಟಿಗಳ ಫೈಲ್ ಹುಡುಕಿದೆ. ಇಬ್ಬರಿಗೂ ಒಂದೊಂದೇ ಕೇಳಿದ್ದರು. ಮತ್ತೆ ಲಾಗ್ ನೋಡಿದೆ. ಮೊದಲ ಬ್ಯಾಗಿಗೂ ಎರಡನೆಯದಕ್ಕೂ ನಡುವೆ ಎರಡು ಸೆಕೆಂಡ್. ಅಷ್ಟರಲ್ಲಿ ಯಾರೂ ಇನ್ನೊಂದು ಸಲ ಟೈಪ್ ಮಾಡಲಾರರು. ಮಾಡಿದ್ದು ನನ್ನ ಪ್ರೋಗ್ರಾಮೇ.

ದಾಸ್ತಾನಿನ ಪ್ರೋಗ್ರಾಮ್ ಪ್ರತಿ ಕೆಲಸ ಆದ ಮೇಲೂ ಮುಗಿದು ತನ್ನ ತುದಿ ಮುಚ್ಚುತ್ತಿತ್ತು. ಹಳೆಯ ಯಂತ್ರದಲ್ಲಿ ಹಾಗಾದಾಗ, ಇನ್ನೊಂದು ತುದಿಯಲ್ಲಿ ಓದುವವರಿಗೆ ಸೊನ್ನೆ ಸಿಗುತ್ತಿತ್ತು; ಮುಗಿಯಿತು ಎಂದರ್ಥ. ಅದೇ ಸಂದರ್ಭದಲ್ಲಿ ಲಿನಕ್ಸ್ ಎರರ್ ಕೊಡುತ್ತದೆ. ನಾನೋ, ಓದುವಾಗ ನಡುವೆ ಸಂಪರ್ಕ ತಪ್ಪೀತೆಂದು, ಎರರ್ ಬಂದರೆ ಬಂದ ಉತ್ತರ ಬಿಸಾಡಿ ಇನ್ನೊಂದೇ ಸಲ ಓಡಿಸು, ಆಗ ಬಂದದ್ದನ್ನು ತೋರಿಸು ಎಂದು ಹಿಂದೆಯೇ ಬರೆದಿದ್ದೆ. ಹೀಗಾಗಿ ಹೊಸ ಯಂತ್ರದಲ್ಲಿ ಪ್ರತಿ ಕೆಲಸವೂ ಎರಡು ಸಲ ನಡೆಯುತ್ತಿತ್ತು, ಪರದೆಗೆ ಎರಡನೆಯದು ಮಾತ್ರ ಬರುತ್ತಿತ್ತು. ಪಟ್ಟಿಗಳನ್ನು ಎರಡು ಸಲ ತೆಗೆದರೆ ನಷ್ಟವಿಲ್ಲ, ಪರೀಕ್ಷೆಯಲ್ಲಿ ನಾನು ಹೆಚ್ಚಾಗಿ ತೆಗೆದದ್ದೂ ಪಟ್ಟಿಗಳನ್ನೇ. ಬೇರೆ ಗುಂಪುಗಳ ದಾಸ್ತಾನು ದೊಡ್ಡದು, ಕರಗಿದ್ದು ಯಾರಿಗೂ ಕಾಣಲಿಲ್ಲ. ಖಚಿತಪಡಿಸಿಕೊಳ್ಳಲು ಸುಳ್ಳು ಹೆಸರಿನಲ್ಲಿ ಒಂದು ಬಿ ಪಾಸಿಟಿವ್ ಕಾದಿರಿಸಿದೆ. ಎರಡು ಹೋದವು.

"ಆಪಾ, ಅವು ಯಾರದ್ದೂ ಅಲ್ಲ."

"ಖಂಡಿತಾನಾ?"

"ಖಂಡಿತ. ತಪ್ಪು ನನ್ನದು."

"ಬರ್ದು ಕೊಡಿ."

ರಿಜಿಸ್ಟರ್ ನನ್ನ ಮುಂದಿಟ್ಟರು. ಎರಡು ಬ್ಯಾಗಿನ ನಂಬರ್ ಬರೆದು, ಇವು ಯಾರಿಗೂ ಮೀಸಲಿಲ್ಲ ಎಂದು ಸಹಿ ಹಾಕಿದೆ. ಹನ್ನೆರಡು ವರ್ಷದ ಕೆಲಸದಲ್ಲಿ ನನ್ನ ಪ್ರೋಗ್ರಾಮಿನ ಮಾತಿಗೆ ಯಾರೂ ಸಹಿ ಕೇಳಿರಲಿಲ್ಲ. ಕ್ರಾಸ್ ಮ್ಯಾಚ್ ಸರಿಹೋಗಿತ್ತು. ಮುನಿರಾಜು ಬ್ಯಾಗ್‌ಗಳನ್ನು ಎದೆಗವಚಿಕೊಂಡು ಓಡಿದರು.

ಸಂಜೆಯ ತನಕ ಆಪಾ ಪುಸ್ತಕದಲ್ಲೇ ಲೆಕ್ಕ ಇಟ್ಟರು. ನಾನು ಆ ಎರರನ್ನು ಮುಕ್ತಾಯವೆಂದೇ ಓದುವಂತೆ ತಿದ್ದಿದೆ. ಕೆಲಸ ನಿಜವಾಗಿ ಕೆಟ್ಟಿತೇ ಎಂದು ಹಳೆಯ ಪ್ರೋಗ್ರಾಮ್ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆಯಿಂದಲೇ ತಿಳಿಯುವಂತೆ ಮಾಡಿದೆ. ಇನ್ನೊಮ್ಮೆ ಓಡಿಸುವ ಸಾಲನ್ನು ಅಳಿಸಿದೆ. ಥಿಯೇಟರಿನಿಂದ, ತಾಯಿಗೆ ಪ್ರಜ್ಞೆ ಬಂದಿದೆ ಎಂದು ಫೋನ್ ಬಂತು. ನನಗೆ ಅಲ್ಲೇ ಕಣ್ಣು ತುಂಬಿತು. ಆಪಾರ ಬಳಿ ಹೋಗಿ ಕ್ಷಮೆ ಕೇಳಿದೆ.

ಅವರು ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದರು. ಬೇರೆ ಬ್ಲಡ್ ಬ್ಯಾಂಕಿಗೆ ಕಳಿಸುವ ಚೀಟಿ. ಮುನಿರಾಜುವಿನ ಹೆಂಡತಿಯ ಹೆಸರು, ಗುಂಪು ಎಲ್ಲ ತುಂಬಿದ್ದರು. ಸಹಿ ಒಂದೇ ಬಾಕಿ.

"ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ನಾನೇ ಮರ್ತಿದೀನಿ ಅಂತ" ಎಂದರು. "ಒಂದು ನಿಮಿಷ ನಾನೂ ನಂಬ್ಬಿಟ್ಟಿದ್ದೆ."

ಪ್ರೋಗ್ರಾಮನ್ನು ಒಂದು ಸಂಜೆಯಲ್ಲಿ ತಿದ್ದಿದೆ. ಆ ಗಟ್ಟಿ ದನಿಯನ್ನು ತಿದ್ದಿಕೊಳ್ಳಲು ಉಳಿದ ಸರ್ವೀಸೆಲ್ಲ ಬೇಕಾಯಿತು.