ಬೇರಿನ ಮಣ್ಣು ಓದುವ ಜಹೀರುನ್ನೀಸಾ

ಗಿಡಮೂಲಿಕೆಗಳ ಪರೀಕ್ಷೆಯಲ್ಲಿ ಶ್ರೀಮತಿ ಜಹೀರುನ್ನೀಸಾ ಅವರಿಗೆ ಸರಿಸಮಾನರಾದವರು ಸುರಪುರ ಸೀಮೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದಿನ ಮುನ್ನೂರು ವರ್ಷ ಹುಟ್ಟುವುದೂ ಇಲ್ಲ. ಮೂವತ್ತೆರಡು ವರ್ಷ ಅವರು ಪರೀಕ್ಷಿಸಿದ ಸರಕನ್ನು ಊರೂರು ತಿರುಗಿ ಖರೀದಿಸಿ ತಂದವನು ನಾನು. ನನಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು?

ಅವರು ರಂಗಂಪೇಟೆಯ ನಮ್ಮ ಔಷಧ ಕಾರ್ಖಾನೆಗೆ ಸೇರಿದಾಗ ಒಣಹೊಲದ ಬದುವಿನಲ್ಲಿ ಸಿಕ್ಕ ಗಿಡವೇ ಸಾಕಾಗುತ್ತಿತ್ತು. ಆಮೇಲೆ ಕಾಲುವೆ ಬಂತು, ದೇವಾಪುರದ ಕಡೆ ಭತ್ತ ಎದ್ದಿತು. ಅದೇ ಕಾಲಕ್ಕೆ ಕಾಮಾಲೆ ಔಷಧಕ್ಕೆ ಹೈದರಾಬಾದಿನ ಬೇಡಿಕೆ ಏರಿ, ನೆಲನೆಲ್ಲಿ ಗಿಡಕ್ಕಾಗಿ ಭೂಮಂಡಲವೇ ನಮ್ಮ ಬಾಗಿಲಲ್ಲಿ ಸಾಲು ನಿಂತಿತು. ಬೇರಿಗಂಟಿದ ಮಣ್ಣನ್ನು ಬೆರಳಲ್ಲಿ ಉಜ್ಜಿ ಗಿಡ ಯಾವ ಹೊಲದ್ದೆಂದು ಜಹೀರುನ್ನೀಸಾ ಹೇಳುತ್ತಿದ್ದರು. ಹೊಲದವನ ಅಜ್ಜನ ಹೆಸರನ್ನೂ ಹೇಳುತ್ತಿದ್ದರೆಂದು ನಾನು ಶಹಾಪುರದವರೆಗೆ ಸಾರಿದ್ದೇನೆ. ಭತ್ತಕ್ಕೆ ಕೀಟನಾಶಕ ಹೊಡೆಯುವುದರಿಂದ ಗದ್ದೆ ಮಣ್ಣು ಕಂಡ ಮೂಟೆಯನ್ನು ಅವರು ಒಳಗೆ ಬಿಡುತ್ತಿರಲಿಲ್ಲ.

ತೊಂಬತ್ತಾರರ ಮಳೆಗಾಲದಲ್ಲಿ, ಎಂಟು ದಿನದಲ್ಲಿ ಲಾರಿ ತುಂಬಿಸುವೆನೆಂದು ಮಾಲೀಕರಾದ ಭಗವಂತರಾಯರ ಮುಂದೆ ಎದೆ ತಟ್ಟಿದವನು ನಾನೇ. ಗಿಡ ಕೀಳುವ ಹೆಂಗಸರ ಮುಂದಾಳು ಬಸ್ಸಮ್ಮ ನಲವತ್ತು ಮೂಟೆ ಕೂಡಿಸಿದಳು. ಸರಕು ಹಸನಾಗಿ ಕಾಣಲೆಂದು ಎಲ್ಲವನ್ನೂ ಕಾಲುವೆಯಲ್ಲಿ ತೊಳೆಸಿ ಒಣಗಿಸಿದವನೂ ನಾನೇ.

ಜಹೀರುನ್ನೀಸಾ ಮೂಟೆ ಬಿಚ್ಚಿದರು. "ಮಣ್ಣು ಎಲ್ಲಿ ಅದರಿ?"

"ತೊಳಸೀನ್ರಿ ಆಪಾ. ಕನ್ನಡಿ ಆಗ್ಯಾವ."

"ಕನ್ನಡ್ಯಾಗ ನಿಮ್ಮ ಮಾರಿ ಕಾಣ್ತದ. ಹೊಲ ಕಾಣವಲ್ದು."

ಹೊರಗೆ ಲಾರಿಯ ಇಂಜಿನ್ ಗುಡುಗುತ್ತಿತ್ತು. ಭಗವಂತರಾಯರು ಒಳಬಂದು ಮೂಟೆ ನೋಡಲಿಲ್ಲ, ಜಹೀರುನ್ನೀಸಾ ಅವರನ್ನೇ ನೋಡಿದರು. "ಸಂಜಿಕ ಲಾರಿ ಹೋಗಲಿಲ್ಲಂದ್ರ ನಾಳಿಂದ ನೀವು ಬರಬ್ಯಾಡ್ರಿ."

ಆರು ಜನರ ಮನೆ ಅವರೊಬ್ಬರ ಸಂಬಳದ ಮೇಲೆ ನಿಂತಿತ್ತು. ಅವರು ಮೂಟೆಗಳ ಪಕ್ಕ ನಿಂತಿದ್ದ ಬಸ್ಸಮ್ಮನ ಕಡೆ ತಿರುಗಿದರು.

"ಬಸ್ಸಮ್ಮ, ನಿನ್ನ ಮಗಳಿಗೆ ಕಾಮಣಿ ಆದ್ರ ಈ ಮೂಟಿ ಗಿಡ ಕುದಿಸಿ ಕುಡಸ್ತಿಯೇನು?"

ಬಸ್ಸಮ್ಮ ನನ್ನನ್ನು ನೋಡಿದಳು. ನಾನು ಮೂಟೆಯ ಹೊಲಿಗೆ ಎಣಿಸತೊಡಗಿದೆ.

"ಇಲ್ರಿ ಅಕ್ಕಾರ," ಎಂದಳು. "ಅರ್ಧ ಗದ್ದ್ಯಾಗಿನವು. ಯಾವು ಯಾವು ಅನ್ನೂದು ತೊಳದ ಮ್ಯಾಲ ನನಗೂ ತಿಳಿವಲ್ದು."

ಜಹೀರುನ್ನೀಸಾ ಪರೀಕ್ಷಾ ಪತ್ರವನ್ನೂ ಪೆನ್ನನ್ನೂ ಮಾಲೀಕರ ಮುಂದಿಟ್ಟರು. "ನನ್ನ ಹೆಸರು ಹೊಡದು ನಿಮ್ಮ ಹೆಸರು ಬರೀರಿ ಸಾವ್ಕಾರ್ರ."

ಭಗವಂತರಾಯರು ಪೆನ್ನು ಮುಟ್ಟದೆ ಹೊರಗೆ ಹೋಗಿ ಡ್ರೈವರನಿಗೆ, "ಇಂಜಿನ್ ಬಂದ್ ಮಾಡಪಾ," ಎಂದರು.

ಮರುದಿನ ಜಹೀರುನ್ನೀಸಾ ಎಂದಿನ ವೇಳೆಗೆ ಬಂದರು, ಯಾರೂ ತಡೆಯಲಿಲ್ಲ. ನಲವತ್ತೂ ಮೂಟೆ ಗುಂಡಿ ಸೇರಿದವು. ವರದಿಯಲ್ಲಿ ತೊಳೆಸಿದವನೆಂದು ನನ್ನ ಹೆಸರನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಬಸ್ಸಮ್ಮನ ಹೆಂಗಸರ ಕೆಲಸ ತಪ್ಪಬಾರದೆಂದು ತಾವೇ ಅವರನ್ನು ಗೋಗಿಯ ಒಣಹೊಲಗಳಿಗೆ ಕರೆದೊಯ್ದರು; ಬುತ್ತಿ ಹೊತ್ತು ಹಿಂದೆ ನಡೆದವನು ನಾನು.

ಈಗ ಅವರು ನಿವೃತ್ತರಾಗಿದ್ದಾರೆ, ಮಾಲೀಕರು ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ಹೋದ ವಾರ ಯಾದಗಿರಿ ಕಡೆಯಿಂದ ಬಂದ, ಬೇರಲ್ಲಿ ಗದ್ದೆ ಮಣ್ಣಿದ್ದ ಇಪ್ಪತ್ತು ಮೂಟೆಗಳನ್ನು ನಾನು ಹಿಂದಕ್ಕೆ ಕಳಿಸಿದೆ. ಮಾಲೀಕರ ಮುಖ ನೋಡುವ ಧೈರ್ಯವಾಗದೆ ಬಾಗಿಲ ಮರೆಯಲ್ಲಿ ನಿಂತು ಕಳಿಸಿದೆ. ಜಹೀರುನ್ನೀಸಾ ಅವರಿಗೆ ಆರೋಗ್ಯವೂ ನೂರಿಪ್ಪತ್ತು ವರ್ಷದ ಆಯುಷ್ಯವೂ ಇರಲಿ. ವಾರಕ್ಕೊಮ್ಮೆ ಗೋದಾಮಿಗೆ ಬಂದು ನನ್ನ ಕೆಲಸದಲ್ಲಿ ಹುಳುಕು ತೆಗೆಯಲಿ. ಎದುರಿಗೆ ನಿಂತು ಬೇಡವೆನ್ನುವುದನ್ನು ನಾನು ಕಲಿಯುವವರೆಗಾದರೂ.