ಗಿಡ್ಡಮ್ಮ ನೀರು ಹಾಕುವುದನ್ನು ಬಿಟ್ಟಿದ್ದು

ಗೋಣಿಬೀಡಿನ ಸುತ್ತ ನನ್ನ ವಯಸ್ಸಿನವರಲ್ಲಿ ಗಿಡ್ಡಮ್ಮನ ಕೈಯಲ್ಲಿ ಮೀಯದೆ ಬೆಳೆದವರು ಕಡಿಮೆ. ಅವಳು ನಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದಳು. ಹೆರಿಗೆ ಎಂದರೆ ಬುಟ್ಟಿ ಅಲ್ಲೇ ಬಿಟ್ಟು ಓಡಿಬರುವಳು. ಆಮೇಲೆ ಬಾಣಂತಿಗೂ ಕೂಸಿಗೂ ದಿನಾ ನೀರು ಹಾಕುವವಳೂ ಅವಳೇ. ಬಾಯಿ ಜೋರು. "ಊರೆಲ್ಲ ಕೇಳೋ ಹಂಗೆ ಕಿರುಚ್ತೀಯಲ್ಲ ಮಾರಾಯ್ತಿ!" ಎಂದು ಹೆರುವವರನ್ನೇ ಗದರುತ್ತಿದ್ದಳು.

೧೯೯೪ರಲ್ಲಿ ನನ್ನ ಅಕ್ಕ ಶಾಲಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಸ್ಪತ್ರೆಗೆ ಹೋಗಲು ಹೇಳಿಕಳಿಸಿದ್ದ ಜೀಪು ಬರುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಕೂಸಿನ ಹಿಂದೆಯೇ ಬರಬೇಕಾದ ಮಾಸು ಮಾತ್ರ ಬೀಳಲಿಲ್ಲ. ಗಿಡ್ಡಮ್ಮ ಕೈ ಹಾಕಿ ತೆಗೆದಳು. ಅವತ್ತು ಎಲ್ಲರೂ ಅವಳನ್ನು ಹೊಗಳಿದ್ದೇ ಹೊಗಳಿದ್ದು.

ಮೂರನೆಯ ದಿನ ಅಕ್ಕನ ಮೈ ಸುಡತೊಡಗಿತು. ನಮ್ಮಲ್ಲಿ ಬಾಣಂತಿ ಬೆಚ್ಚಗಿರಬೇಕು: ಮಂಚದ ಕೆಳಗೆ ಕೆಂಡದ ಮಡಕೆ, ಹಂಡೆಗಟ್ಟಲೆ ಬಿಸಿನೀರು. ಅದರಲ್ಲಿ ಜ್ವರ ಯಾವುದು, ಕೆಂಡದ ಕಾವು ಯಾವುದು, ಯಾರಿಗೆ ಗೊತ್ತಾಗಬೇಕು? ಗಿಡ್ಡಮ್ಮನಿಗೆ ಗೊತ್ತಾಯಿತು. ಬಟ್ಟೆ ಮೂಸಿ ನೋಡಿದವಳೇ ಬಚ್ಚಲ ಬಾಗಿಲಲ್ಲಿ ನಮ್ಮಮ್ಮನನ್ನು ತಡೆದಳು.

"ತಿಮ್ಮಮ್ಮೋರೆ, ವಾಸ್ನೆ ಸರಿ ಇಲ್ಲ. ಮೂಡಿಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಹಾಲಿನ ಜ್ವರ ಕಣೆ ಅದು. ಹನ್ನೊಂದು ದಿನ ಕಳೀದೆ ಬಾಣಂತಿನ ಹೊಸ್ಲು ದಾಟಿಸ್ತಾರಾ? ಗಾಳಿ ತಾಗಿದ್ರೆ ಸನ್ನಿ ಹಿಡಿಯುತ್ತೆ."

ಅಮ್ಮ ಸಾಂಬ್ರಾಣಿ ಹೆಚ್ಚು ಹಾಕಿದಳು. ವಾಸನೆ ಅಡಗಿತು, ಜ್ವರ ಇಳಿಯಲಿಲ್ಲ. ಗಿಡ್ಡಮ್ಮ ದಿನಾ ಅದನ್ನೇ ಹೇಳಿದಳು. ಏಳನೆಯ ದಿನ ಅಕ್ಕನಿಗೆ ಕೂಸಿನ ಗುರುತೂ ಸಿಗದಾದಾಗ ಜೀಪು ಹೊರಟಿತು.

"ಜ್ವರ ಯಾವಾಗಿಂದ?" ಎಂದು ಡಾಕ್ಟರು ಕೇಳಿದರು.

"ನಿನ್ನೆಯಿಂದ," ಅಂದಳು ಅಮ್ಮ. ಪಕ್ಕದಲ್ಲಿದ್ದ ನನಗೆ ಹದಿನಾರು ವರ್ಷ. ಸುಮ್ಮನಿದ್ದೆ. ಸಂಜೆಗೆ ಅಕ್ಕ ತೀರಿಕೊಂಡಳು.

ಗಿಡ್ಡಮ್ಮನ ಕೈಯೇ ಕೊಂದಿತು ಎಂದು ಊರೆಲ್ಲ ಸುದ್ದಿಯಾಯಿತು. ಸೋಂಕು ಆ ಕೈಯಿಂದಲೇ ಹೋಗಿರಬಹುದು, ಇಲ್ಲವೆನ್ನಲಾರೆ. ಆದರೆ ನಾಲ್ಕು ದಿನ ಬಾಯಿ ಬಡಿದುಕೊಂಡವಳೂ ಅವಳೊಬ್ಬಳೇ! ಆ ಮಾತನ್ನು ನಮ್ಮ ಮನೆಯವರು ಎಲ್ಲೂ ಆಡಲಿಲ್ಲ. ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ.

೨೦೦೩ರಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಯಿತು. ತವರಿಗೆ ಬಂದವಳು ಹಠ ಹಿಡಿದು ಗಿಡ್ಡಮ್ಮನನ್ನು ಕರೆಸಿದೆ. ಅವಳು ಅಂಗಳದಲ್ಲೇ ನಿಂತಳು. ಕೂಸನ್ನು ಕೊಡಹೋದರೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಬ್ಯಾಡ ಕಣವ್ವ. ಈ ಕೈ ಮುಟ್ಟೋದು ಬ್ಯಾಡ."

ನೀನು ಹೇಳಿದ್ದೆ ಗಿಡ್ಡಮ್ಮ, ನಾವೇ ಕೇಳಲಿಲ್ಲ ಎನ್ನಬೇಕಿತ್ತು. ಆ ಒಂದು ಮಾತಿಗಾಗಿಯೇ ಅವಳನ್ನು ಕರೆಸಿದ್ದು. ಆದರೆ ಬಾಗಿಲಲ್ಲಿ ಅಮ್ಮ, ಶಾಲಿನಿಯಕ್ಕನ ಮಗಳು, ತಾನೇ ಸಾಕಿದ ಮೇಘಶ್ರೀಯ ಹೆಗಲು ಹಿಡಿದು ನಿಂತಿದ್ದಳು.

"ಕಾಫಿ ಕುಡ್ಕೊಂಡು ಹೋಗು ಗಿಡ್ಡಮ್ಮ," ಅಂದೆ.