ಕಂಪನಿ ಅಲ್ಲ, ಹೇಳಿ

ಪದ್ಮಾ ಅತ್ತೆ ಫೋನ್ ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ. "ಕಂಪನಿ ಅಲ್ಲ, ಹೇಳಿ" ಅನ್ನುತ್ತಿದ್ದರು. ಗೊತ್ತಿಲ್ಲದ ನಂಬರಾದರೆ ತಮಿಳಿನಲ್ಲಿ, "ಕಂಪನಿ ಇಲ್ಲೆ, ಸೊಲ್ಲುಂಗ." ಫೋನ್ ಮಾಡಿದ್ದು ಸ್ವಂತ ತಂಗಿಯಾಗಲಿ, ಗ್ಯಾಸಿನವನಾಗಲಿ, ಮೊದಲು ಅದೇ ಮಾತು. ಒಮ್ಮೆ ಮಠದ ಆಚಾರ್ಯರು ಆರಾಧನೆಗೆ ಕರೆಯಲು ಫೋನ್ ಮಾಡಿ, ಇದನ್ನು ಕೇಳಿ ಗಾಬರಿಯಾಗಿ, "ಅಲ್ಲಮ್ಮಾ, ನಾನು ಮನೆಗೇ ಮಾಡಿದ್ದು" ಅಂದರಂತೆ.

ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಂದು ಸಲ ಬರೆದು ಪಟ್ಟ ಪಾಡು ಸಾಕಪ್ಪಾ. ಕಿವಿ ಕೇಳಿಸದವರಿಗೆ ಮೆಷಿನ್ ಮಾಡುವ, ಪೇಪರಿನಲ್ಲಿ ಅರ್ಧ ಪುಟ ಜಾಹೀರಾತು ಹಾಕುವ, ದೇಶಕ್ಕೆಲ್ಲ ಗೊತ್ತಿರುವ ಕಂಪನಿ ಅಂದರೆ ಸಾಕು.

ಅತ್ತೆ ನನ್ನ ಗಂಡ ಮುರಳಿಯ ಸೋದರತ್ತೆ. ಇವರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಇವರಿಗೇ ನೆನಪಿಲ್ಲ. ಕೀಲ್ಪಾಕಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಕೆಳಗೆ ಅತ್ತೆ, ಮೇಲೆ ನಾವು. ಮೈಸೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅವರ ಕನ್ನಡ ಕೇಳಿ ನಾನು ಒಳಗೊಳಗೇ ನಕ್ಕಿದ್ದೆ. "ಚುಮ್ಮಾ ಯಾಕೆ ನಿಂತಿದ್ದಿ, ಉಟ್ಕಾರು ಮಾ" ಅಂದಿದ್ದರು. ಕನ್ನಡದ ಕೂತ್ಕೋ, ತಮಿಳಿನ ಉಟ್ಕಾರು, ಎರಡೂ ಅವರ ಬಾಯಲ್ಲಿ ಒಂದೇ ಮನೆಯ ಮಕ್ಕಳು. ಈಗ ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವುದನ್ನು ನೋಡಿದರೆ, ಅತ್ತೆಯ ಕನ್ನಡ ಎಷ್ಟೋ ವಾಸಿ ಅನ್ನಿಸುತ್ತದೆ.

ಅವರು ಧೈರ್ಯವಂತೆ ಅಂದುಕೊಳ್ಳಬೇಡಿ. ಹಲ್ಲಿಗೆ ಹೆದರುತ್ತಿದ್ದರು. ಲಿಫ್ಟ್ ಅಂದರೆ ಆಗುತ್ತಿರಲಿಲ್ಲ. ಪುಯಲ್, ಅಂದರೆ ಚಂಡಮಾರುತ, ಬರುತ್ತದೆ ಅಂತ ಟಿವಿಯಲ್ಲಿ ಬಂದರೆ ಸಾಕು, ಹೊರಗೆ ಮಳೆ ನೀರು ಮೆಟ್ಟಿಲಿಗೆ ಬರುತ್ತಿದ್ದರೂ ಒಳಗೆ ಕೊಡ, ಬಕೆಟ್ಟು, ಕುಕ್ಕರ್ ಸಮೇತ ಎಲ್ಲದರಲ್ಲೂ ನೀರು ತುಂಬಿಡುತ್ತಿದ್ದರು. ಆದರೆ ಹೆದರಿದೆ ಅಂತ ಒಂದು ಕೆಲಸ ಬಿಟ್ಟವರಲ್ಲ. "ಭಯ ಇದ್ರೆ ಇರ್ಲಿ ಬಿಡು, ಅದೂ ಆಟೋದಲ್ಲಿ ನಮ್ಮ ಜೊತೇಲೇ ಬರ್ಲಿ" ಅನ್ನುತ್ತಿದ್ದರು. ನನ್ನ ಭಯವೋ, ಆಟೋ ಕರೆಯಲೂ ಬಿಡುವುದಿಲ್ಲ.

ಅತ್ತೆಯ ಗಂಡ, ನಮ್ಮ ಮಾಮನಿಗೆ, ಕೊನೆಯ ವರ್ಷಗಳಲ್ಲಿ ಕಿವಿ ಹೋಗಿತ್ತು. ಆ ಕಂಪನಿಯ ಮೆಷಿನ್ ಹಾಕಿಸಿದ್ದರು. ಅದು ಕುಯ್ ಅಂತ ಶಿಳ್ಳೆ ಹೊಡೆದರೆ ಏನು ಮಾಡಬೇಕು, ಬೆವರಿಗೆ ಕೆಟ್ಟರೆ ಹೇಗೆ ಒಣಗಿಸಬೇಕು ಅಂತ ಅತ್ತೆ ಕೇಳಿ, ನೋಡಿ, ಕೆಡಿಸಿ ಕಲಿತರು. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರಿಗೆ ಹೇಳಿಕೊಟ್ಟರು. ಅವರು ಇನ್ನೊಬ್ಬರಿಗೆ ಹೇಳಿದರು. ಮಾಮ ಹೋದ ಮೇಲೂ ಫೋನ್ ಬರುವುದು ನಿಲ್ಲಲಿಲ್ಲ. ಹೇಳಿದ್ದನ್ನೇ ಹೇಳಿ ಅವರ ಗಂಟಲು ಒಣಗುವುದನ್ನು ನೋಡಲಾರದೆ, "ಒಂದು ವೆಬ್‌ಸೈಟ್ ಮಾಡಿಬಿಡೋಣ ಅತ್ತೆ" ಅಂದೆ.

ಅತ್ತೆ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮಲಗುವಾಗ ಬ್ಯಾಟರಿಯ ಬಾಗಿಲು ತೆರೆದಿಡಿ, ಚೆನ್ನೈ ಸೆಕೆಗೆ ಮೆಷಿನ್ನಿಗೂ ಗಾಳಿ ಬೇಕು. ಹೊಸದಾಗಿ ಹಾಕಿಸಿಕೊಂಡವರ ಎದುರು ಸೊಸೆಯಂದಿರು ಒಂದು ವಾರ ಗೊಣಗಬಾರದು, ಎಲ್ಲಾ ಕೇಳಿಸುತ್ತದೆ. ಇಂಥವು. ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ, "ನಾವು ಕಂಪನಿ ಅಲ್ಲ" ಅಂತ ಕನ್ನಡ, ತಮಿಳು ಎರಡರಲ್ಲೂ ಹಾಕಿಸಿದರು. ಪಕ್ಕದಲ್ಲಿ ಅವರದೊಂದು ಫೋಟೋ, ಕೆಳಗೆ ಫೋನ್ ನಂಬರು.

ವೆಬ್‌ಸೈಟಿನ ಹೆಸರು? "ಜನ ಏನಂತ ಹುಡುಕ್ತಾರೆ? ಮೆಷಿನ್ ಹೆಸರು ಹಾಕಿ ತಾನೇ? ಅದನ್ನೇ ಇಡು" ಅಂದರು. ಇಟ್ಟೆವು. ಮುಂದೆ ಕಂಪನಿಯ ಹೆಸರು, ಬಾಲಕ್ಕೆ ಸಹಾಯ ಅನ್ನುವುದಕ್ಕೆ ತಮಿಳಿನವರು ಹೇಳುವ ಉದವಿ.

ಅದನ್ನು ನೋಂದಾಯಿಸಿದ್ದು ನನ್ನ ಹೆಸರಿನಲ್ಲಿ. ಅದಕ್ಕೊಂದು ಕಾರಣವಿದೆ. ಆ ಮನೆಯಲ್ಲಿ ಹೊಸದು ಏನೇ ಶುರುವಾದರೂ ಕೈರಾಶಿ ಇದ್ದವರ ಕೈಯಿಂದಲೇ ಆಗಬೇಕು. ನಾನು ಬಂದ ವರ್ಷ ಮುರಳಿಗೆ ಬಡ್ತಿ ಸಿಕ್ಕಿ, ಬಾಲ್ಕನಿಯ ಒಣ ಮಲ್ಲಿಗೆ ಬಳ್ಳಿ ಹೂ ಬಿಟ್ಟದ್ದರಿಂದ ನನ್ನದು ಒಳ್ಳೆಯ ಕೈ ಅಂತ ತೀರ್ಮಾನವಾಗಿಬಿಟ್ಟಿತ್ತು. ಹೊಸ ಒಲೆ ಹಚ್ಚುವುದೂ ನಾನೇ, ಉಪ್ಪಿನಕಾಯಿ ಜಾಡಿಗೆ ಮೊದಲ ಹಿಡಿ ಉಪ್ಪು ಹಾಕುವುದೂ ನಾನೇ. "ನಿನ್ ಕೈಯಿಂದ, ನಿನ್ ಹೆಸರಲ್ಲೇ ಆಗ್ಲಿ ಮಾ" ಅಂದರು. ನಾನೂ ಬೀಗುತ್ತಾ ನನ್ನ ಹೆಸರು, ವಿಳಾಸ, ಇಮೇಲ್ ಎಲ್ಲ ತುಂಬಿದೆ.

ಹೋದ ವರ್ಷ ಬೇಸಿಗೆಯಲ್ಲಿ ಪೆರುಂಗುಡಿಯ ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಗ ಆ ಮೇಲ್ ಬಂತು. ಕಂಪನಿಯ ವಕೀಲರದ್ದು. ನೋಂದಾಯಿತ ಟ್ರೇಡ್‌ಮಾರ್ಕ್ ಅನ್ನು ಅನುಮತಿಯಿಲ್ಲದೆ ಬಳಸಿದ್ದೀರಿ, ಗ್ರಾಹಕರ ದಾರಿ ತಪ್ಪಿಸುತ್ತಿದ್ದೀರಿ, ಕೂಡಲೇ ನಿಲ್ಲಿಸದಿದ್ದರೆ ಸಿವಿಲ್, ಕ್ರಿಮಿನಲ್ ಎರಡೂ ಕ್ರಮ. ಕ್ರಿಮಿನಲ್ ಅನ್ನುವ ಪದದ ಪಕ್ಕದಲ್ಲೇ ನನ್ನ ಪೂರ್ತಿ ಹೆಸರು, ಅಪ್ಪನ ಇನಿಷಿಯಲ್ ಸಮೇತ. ಮೊಸರನ್ನ ಅಲ್ಲೇ ಬಿಟ್ಟೆ. ನಮ್ಮ ಆಫೀಸಿನಲ್ಲಿ ಯಾರ ಮೇಲೆ ಕೇಸಿದೆ ಅಂತ ಆಗಾಗ ತಪಾಸಣೆ ಮಾಡುತ್ತಾರೆ. ಗೇಟಿನ ಸೆಕ್ಯೂರಿಟಿಯವನು ನನ್ನ ಕೊರಳಿನ ಟ್ಯಾಗ್ ಬಿಚ್ಚಿಸಿಕೊಳ್ಳುವುದು ಕಣ್ಣೆದುರೇ ಕಂಡಿತು. ಮುರಳಿಗೆ ಹೇಳಲೂ ಧೈರ್ಯ ಬರಲಿಲ್ಲ. ಅರ್ಧ ದಿನ ರಜೆ ಹಾಕಿ ನೇರ ಅತ್ತೆಯ ಮನೆಗೆ ಓಡಿದೆ.

"ಈಗಲೇ ಅಳಿಸಿಬಿಡ್ತೀನಿ ಅತ್ತೆ."

"ಅಯ್ಯಯ್ಯೋ, ಚುಮ್ಮಾ ಯಾಕೆ ಇಷ್ಟು ನಡುಗ್ತೀ? ಮೊದ್ಲು ಕಾಫಿ ಕುಡಿ." ಅವರ ಕೈಯ ಡಬರಾದಲ್ಲಿ ಲೋಟ ಟಕಟಕ ಅನ್ನುತ್ತಿತ್ತು. "ನಾವೇನು ಮೆಷಿನ್ ಮಾರಿದ್ವಾ? ಕಂಪನಿ ಅಲ್ಲ ಅಂತ ಮೇಲೇ ಬರ್ದಿದೀವಲ್ಲ. ಓದ್ಲಿ."

ಓದುವುದಿಲ್ಲ ಅಂತ ನಮಗೆ ತಿಳಿಸಿಕೊಟ್ಟವನು ಸೌಕಾರ್‌ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ.

ಅದೇ ಶನಿವಾರ ಬೆಳಿಗ್ಗೆ ಬಂದ. ಜೊತೆಗೆ ಇಬ್ಬರು. ಬೆಲ್ ಒತ್ತಲಿಲ್ಲ, ಬಾಗಿಲು ಬಡಿದ. ನಾನು ಅತ್ತೆಗೆ ಹೂ ಕೊಡಲು ಕೆಳಗೆ ಬಂದಿದ್ದೆ, ಹೂವಿನ ಪೊಟ್ಟಣ ಕೈಯಲ್ಲೇ ಹಿಸುಕಿಹೋಯಿತು. ಅವನ ತಾಯಿಯ ಮೆಷಿನ್ ಕೆಟ್ಟಿತ್ತಂತೆ. ಕಂಪನಿಯ ಹೆಸರಿರುವ ಯಾವುದೋ ವೆಬ್‌ಸೈಟ್ ನೋಡಿ ಫೋನ್ ಮಾಡಿದರಂತೆ. ಬ್ಯಾಗ್ ಹಾಕಿಕೊಂಡ ಒಬ್ಬ ಬಂದು ರಿಪೇರಿಗೆ ಅಂತ ಎರಡು ಕಿವಿಯದನ್ನೂ ತೆಗೆದುಕೊಂಡು ಹೋದವನು ಪತ್ತೆಯೇ ಇಲ್ಲ. ಈಗ ಮತ್ತೆ ಹುಡುಕಿದಾಗ ಸಿಕ್ಕಿದ್ದು ನಮ್ಮ ಪುಟ, ಅತ್ತೆಯ ಫೋಟೋ. ವಿಳಾಸವನ್ನು ಯಾರಿಂದಲೋ ಕೇಳಿ ಬಂದಿದ್ದ.

"ನಿಮ್ಮ ಆಳು ಎಲ್ಲಿ? ಕರೀರಿ. ಇಲ್ಲದಿದ್ರೆ ಪೊಲೀಸ್ ಸ್ಟೇಷನ್ನಿಗೆ ನಡೀರಿ" ಅಂತ ತಮಿಳಿನಲ್ಲಿ ಕೂಗಾಡಿದ. ಎದುರು ಮನೆಯವರು ಬಾಗಿಲು ತೆರೆದು ನೋಡಿದರು. ಅತ್ತೆ ಗೋಡೆ ಹಿಡಿದು ನಿಂತೇ, ಅದು ನಾವಲ್ಲ, ನಮಗೆ ಆಳೂ ಇಲ್ಲ ಕಾಳೂ ಇಲ್ಲ, ಬೇಕಾದರೆ ನೋಡಪ್ಪಾ ಅಂತ ಫೋನಿನಲ್ಲಿ ನಮ್ಮ ಪುಟದ ಮೇಲಿನ ಸಾಲು ತೋರಿಸಿದರು. ಅವನು ಅದನ್ನು ಓದಿದ. ದನಿ ಇಳಿಯಿತು.

"ಇರ್ಬಹುದಮ್ಮಾ. ಆದ್ರೆ ಹೆಸರು ಅವರದ್ದೇ ತಾನೇ ಇಟ್ಟಿರೋದು? ನಮ್ಮಮ್ಮ ಹೆಸರು ನೋಡಿ ನಂಬಿದ್ರು. ಕೆಳಗೆ ಬರೆದದ್ದನ್ನ ಯಾರು ಓದ್ತಾರೆ?"

ಅವರು ಹೋದ ಮೇಲೆ ಅತ್ತೆ ಫೋನಿನಲ್ಲಿ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡರು. ಆಮೇಲೆ, "ಅವನು ಹೇಳಿದ್ದು ಸರಿ. ವಕೀಲರು ಹೇಳಿದ್ದೂ ಸರಿ. ಕೊಟ್ಬಿಡೋಣ" ಅಂದರು.

"ಅಬ್ಬಾ! ಅಳಿಸ್ತೀನಿ ಹಾಗಿದ್ರೆ."

"ಅಳಿಸೋದಲ್ಲ ಹುಡುಗಿ, ಕೊಡೋದು. ಕೈಯಿಂದ ಕೈಗೆ. ನಾವು ಬಿಟ್ರೆ ಈ ಹೆಸರು ಏನಾಗತ್ತೆ?"

ವೆಬ್‌ಸೈಟಿನ ಹೆಸರು ಕೊಂಡುಕೊಂಡದ್ದಲ್ಲ, ವರ್ಷ ವರ್ಷ ಬಾಡಿಗೆ ಕಟ್ಟಿ ಇಟ್ಟುಕೊಂಡದ್ದು, ಬಿಟ್ಟರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂದೆ. ಅತ್ತೆ ತಲೆಯಾಡಿಸಿದರು. "ಅದೇ ನಂಗೆ ಭಯ. ಆ ಬ್ಯಾಗಿನವನು ತಗೊಂಡ್ರೆ?"

ಹೈಕೋರ್ಟಿನ ಹತ್ತಿರ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ವಕೀಲರ ಆಫೀಸು. ಜಾಲರಿ ಬಾಗಿಲಿನ ಲಿಫ್ಟ್ ನೋಡಿದ್ದೇ ಅತ್ತೆ ಮೆಟ್ಟಿಲ ಕಡೆ ತಿರುಗಿದರು. ಮಂಡಿ ಹಿಡಿದುಕೊಂಡು, ನಿಂತು ನಿಂತು ಹತ್ತಿದರು. ಒಳಗೆ ನಮ್ಮ ಕೇಸು ನೋಡುತ್ತಿದ್ದದ್ದು ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಅತ್ತೆ ಬ್ಯಾಗಿನಿಂದ ಸ್ಟೀಲ್ ತಟ್ಟೆ ತೆಗೆದು, ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು ಜೋಡಿಸಿ ಆಕೆಯ ಮೇಜಿನ ಮೇಲಿಟ್ಟರು. ಭೂಮಿ ಇಷ್ಟು ಬಾಯ್ಬಿಡಬಾರದೇ ಅನ್ನಿಸಿತು ನನಗೆ.

"ಏನಮ್ಮಾ ಇದು?"

"ಹೆಸರು ನಿಮ್ಮದು. ಗೊತ್ತಿಲ್ದೆ ಇಟ್ಕೊಂಡಿದ್ವಿ. ವಾಪಸ್ ಕೊಡೋಕೆ ಬಂದ್ವಿ."

ಹುಡುಗಿ ಕಕ್ಕಾಬಿಕ್ಕಿ. ಇದೆಲ್ಲ ಬೇಕಿರಲಿಲ್ಲ, ಅಳಿಸಿ ಒಂದು ಮೇಲ್ ಹಾಕಿದ್ದರೆ ಮುಗಿಯುತ್ತಿತ್ತು, ಹೆಸರು ತೆಗೆದುಕೊಳ್ಳಿ ಅಂತ ಕಂಪನಿಯವರು ತಮಗೆ ಹೇಳಿಲ್ಲ ಅಂದಳು. ಅತ್ತೆ ಎದ್ದೇಳಲಿಲ್ಲ. "ಬೀದೀಲಿ ಇಟ್ಟು ಹೋಗೋ ವಸ್ತು ಅಲ್ಲ ಮಾ ಇದು. ವಯಸ್ಸಾದವರು ನಂಬ್ಕೊಂಡು ಬರೋ ಜಾಗ. ನೀವು ತಗೊಂಡು ಜೋಪಾನ ಮಾಡ್ತೀನಿ ಅನ್ನಿ, ನಾನು ಹೋಗ್ತೀನಿ." ಹುಡುಗಿ ಯಾರಿಗೋ ಫೋನ್ ಮಾಡಿದಳು. ಒಳಗೆ ಹೋಗಿ ಬಂದಳು. ಕೊನೆಗೆ, "ಸರಿಮ್ಮಾ, ಕಂಪನಿ ತಗೊಳ್ಳತ್ತೆ" ಅಂದು ಎರಡೂ ಕೈಯಲ್ಲಿ ತಟ್ಟೆ ಹಿಡಿದಳು. ಆ ವಾರವೇ ಹೆಸರು ನನ್ನಿಂದ ಅವರಿಗೆ ವರ್ಗವಾಯಿತು. ಆ ಬಟನ್ ಒತ್ತಿದ್ದೂ ಕೈರಾಶಿಯ ಇದೇ ಕೈ. ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಪುಟ ಹೋದರೂ ಅತ್ತೆಯ ನಂಬರ್ ಬರೆದಿಟ್ಟುಕೊಂಡವರು ಬೇಕಾದಷ್ಟು ಜನ ಇದ್ದರು. ಫೋನ್ ಬರುತ್ತಲೇ ಇತ್ತು. ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿಯಲ್ಲಿ ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದಾಗಲೂ ಫೋನ್ ದಿಂಬಿನ ಕೆಳಗೇ. ನಾನು ಕೊನೆಯ ಸಲ ನೋಡಿದ ಸಂಜೆ ಅದು ಹೊಡೆದುಕೊಂಡಿತು. ಎತ್ತು ಅಂತ ಕಣ್ಣಲ್ಲೇ ಹೇಳಿದರು. ಎತ್ತಿ ಹಲೋ ಅಂದೆ. ಅತ್ತೆ ಮೂಗಿನ ಆಕ್ಸಿಜನ್ ನಳಿಕೆ ಸರಿಸಿ, ಸಿಡುಕಿದರು.

"ಹಲೋ ಅಲ್ಲ. ಕಂಪನಿ ಅಲ್ಲ ಅಂತ ಮೊದ್ಲು ಹೇಳು. ಆಮೇಲೆ ಮಿಕ್ಕಿದ್ದು."

ಮರುದಿನ ಬೆಳಿಗ್ಗೆ ಹೋದರು. ಫೋನನ್ನು ನಾನೇ ಮೇಲೆ ತಂದಿಟ್ಟುಕೊಂಡೆ. ಆ ಸಿಮ್ ಯಾಕೆ ಇನ್ನೂ ಅಂತ ಮುರಳಿ ಎರಡು ಮೂರು ಸಲ ಕೇಳಿದರು. ಇರಲಿ ಬಿಡಿ ಅಂದೆ.

ಈ ವರ್ಷ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನ, ಉಪ್ಪಿನ ಹಿಡಿ ಹಾಕುವಾಗ ಅತ್ತೆ ಬಹಳ ನೆನಪಾದರು. ಕೈ ತೊಳೆದು ಬಂದು, ಸುಮ್ಮನೆ, ಆ ಹಳೆಯ ಹೆಸರನ್ನು ಫೋನಿನಲ್ಲಿ ಟೈಪ್ ಮಾಡಿದೆ. ಪುಟ ತೆರೆದುಕೊಂಡಿತು.

ಅತ್ತೆ ನಗುತ್ತಿದ್ದರು. ಅದೇ ಫೋಟೋ. ಬ್ಯಾಟರಿ ಬಾಗಿಲು, ಚೆನ್ನೈ ಸೆಕೆ, ಸೊಸೆಯಂದಿರು, ಎಲ್ಲ ಹಾಗೇ. ನಮ್ಮ ಹಳೆಯ ಪುಟವನ್ನೇ ಯಾರೋ ಎಲ್ಲಿಂದಲೋ ಎತ್ತಿ ತಂದಿದ್ದರು. ನೆತ್ತಿಯ ಮೇಲಿನ ಆ ಒಂದು ಸಾಲು ಮಾತ್ರ ಇರಲಿಲ್ಲ. ಫೋನ್ ನಂಬರು ಬೇರೆ. ಕಂಪನಿಯವರು ಈಗ ಇದನ್ನು ನಡೆಸುತ್ತಿರಬಹುದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅತ್ತೆಯ ಫೋನಿನಿಂದಲೇ ಆ ನಂಬರಿಗೆ ಮಾಡಿದೆ.

"ವಣಕ್ಕಂ, ಕಂಪನಿ. ಸೊಲ್ಲುಂಗ."

ಎಳೆಯ ದನಿ, ಬೆಣ್ಣೆಯಂಥ ಮಾತು. ಮೆಷಿನ್ ಯಾರದ್ದು, ಎರಡೂ ಕಿವಿಯದ್ದಾ, ಅಂತ ಕೇಳಿದ. ಆಮೇಲೆ ಅದೇ ದನಿಯಲ್ಲಿ, "ಹಗಲು ಹೊತ್ತು ಮನೇಲಿ ಯಾರಿರ್ತಾರಮ್ಮಾ?" ಅಂದ. ಕಟ್ ಮಾಡಿದೆ. ಅವನು ತಿರುಗಿ ಮಾಡಿದ. ಮತ್ತೆ ಮಾಡಿದ. ನಾನು ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬಂದೆ.

ಆ ವಕೀಲ ಹುಡುಗಿಗೆ ಫೋನ್ ಮಾಡಿದೆ. ಕಂಪನಿಯವರು ಆ ಹೆಸರಿಗೆ ವರ್ಷದ ಬಾಡಿಗೆ ಕಟ್ಟುವುದನ್ನೇ ಮರೆತಿದ್ದರಂತೆ, ಬಿಟ್ಟದ್ದನ್ನು ಇವನು ಎತ್ತಿಕೊಂಡಿದ್ದ. ದೂರು ಹಾಕಿ ಹೆಸರು ವಾಪಸ್ ಪಡೆಯಬೇಕು, ಸ್ವಲ್ಪ ಕಾಲ ಹಿಡಿಯುತ್ತದೆ ಅಂದಳು. ಸೈಬರ್ ಪೊಲೀಸರಿಗೆ ನಾನೂ ದೂರು ಕೊಟ್ಟೆ. ನೋಡುತ್ತೇವೆ ಅಂದರು. ಅಷ್ಟರವರೆಗೆ ಅತ್ತೆ ಅಲ್ಲಿ ನಗುತ್ತಾ ಕೂತು ಜನರನ್ನು ಆ ಹುಡುಗನ ಕೈಗೆ ಕಳಿಸುತ್ತಲೇ ಇರಬೇಕು.

ಮೊನ್ನೆ ಮಧ್ಯಾಹ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅತ್ತೆಯ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅವನೇ ಇರಬಹುದು ಅನ್ನಿಸಿ ಕೈ ಹಿಂದೆ ಬಂತು. ಆದರೂ ಎತ್ತಿದೆ.

"ಕಂಪನಿ ಇಲ್ಲೆ, ಸೊಲ್ಲುಂಗ."

"ಅಪ್ಪಾಡಾ, ಈ ನಂಬರ್ ಇನ್ನೂ ಇದೆಯಲ್ಲ!" ವಯಸ್ಸಾದ ಹೆಂಗಸು, ತಮಿಳಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. "ವೆಬ್‌ಸೈಟಲ್ಲಿ ಬೇರೆ ನಂಬರ್ ಹಾಕಿದೀರಿ, ಆ ನಂಬರಿಗೆ ಮಾಡ್ದೆ. ಹುಡುಗನ್ನ ಕಳಿಸಿದಾರೆ. ಹೊರಗೆ ನಿಂತಿದಾನೆ. ಯಾವುದಕ್ಕೂ ನಿಮ್ಮನ್ನ ಒಂದು ಮಾತು ಕೇಳೋಣ ಅಂತ. ಮಗ ಆಫೀಸಿಗೆ ಹೋಗಿದಾನೆ. ಬಾಗಿಲು ತೆಗೀಲಾ?"

ಬೇಡ, ತೆಗೀಬೇಡಿ ಅಂದೆ. ಆ ಕಡೆ ಬೆಲ್ ಹೊಡೆದದ್ದು ನನಗೇ ಕೇಳಿಸಿತು.

"ಏನಂದ್ರಿ? ಮೆಷಿನ್ ಕುಯ್ ಅಂತಿದೆ, ಏನೂ ಕೇಳಿಸಲ್ಲ. ತೆಗೀಲಾ?"

"ತೆಗೀಬೇಡಿ ಅಮ್ಮಾ! ಅವನು ಕಂಪನಿ ಅಲ್ಲ! ನಾವೂ ಕಂಪನಿ ಅಲ್ಲ! ತೆಗೀಬೇಡಿ!" ನಾನು ಕಿರುಚಿದ್ದು ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸಿರಬೇಕು.

ಬೆಲ್ ಮತ್ತೊಮ್ಮೆ ಹೊಡೆಯಿತು. ಚಿಲಕ ಹಾಕಿದ ಸದ್ದು ಬಂತು. ಆಮೇಲೆ ಅವರು ಫೋನಿಗೆ ಬಾಯಿ ಹತ್ತಿರ ತಂದು, ಮೆಲ್ಲಗೆ ಕೇಳಿದರು.

"ಸರಿ, ತೆಗೆಯಲ್ಲ. ನೀನು ಯಾಕೆ ಮಾ ಇಷ್ಟು ನಡುಗ್ತಿದೀಯ? ಪದ್ಮಾ ಮನೇಲಿಲ್ವಾ?"